ಮರ ಕೊಯ್ಯುವ ಯಂತ್ರಕ್ಕೆ ಮನೆಯಲ್ಲೇ ದುರಸ್ತಿ ಸಲಕರಣೆ



ಬದುವಿನ ಬಳ್ಳಾರಿ ಜಾಲಿ ಕಡಿಯಲು ಆಳು ಗೊತ್ತುಮಾಡಿದ್ದೀರಿ. ಕಟ್ಟಿಗೆ ಹೇರಲು ಟ್ರ್ಯಾಕ್ಟರ್ ಬಂದು ನಿಂತಿದೆ. ಅಷ್ಟರಲ್ಲಿ ಚೈನಿನ ಗರಗಸ ಕೈಕೊಟ್ಟಿತು. ಮುಂಡರಗಿಯಲ್ಲಿ ರಿಪೇರಿ ಆಗಲಿಲ್ಲವೆಂದು ಗದಗಿಗೆ, ಅಲ್ಲಿಯೂ ಆಗಲಿಲ್ಲವೆಂದು ಹುಬ್ಬಳ್ಳಿಗೆ ಯಂತ್ರ ಹೊತ್ತು ತಿರುಗಿದರೆ ಎರಡು ದಿನ ಹೋದವು. ಆಳಿನ ಕೂಲಿ ತಪ್ಪಲಿಲ್ಲ, ಟ್ರ್ಯಾಕ್ಟರ್ ಬಾಡಿಗೆಯೂ ತಪ್ಪಲಿಲ್ಲ. ಬಿಚ್ಚಿ ನೋಡಿದರೆ ದೋಷ ಬಹಳ ಸಲ ಸಣ್ಣದು: ಹಲ್ಲು ಮೊಂಡಾಗಿರುತ್ತದೆ, ಇಲ್ಲವೆ ಬಾರಿನ ಸಂದಿಯಲ್ಲಿ ಮಣ್ಣು ತುಂಬಿರುತ್ತದೆ. ನಮ್ಮಲ್ಲಿ ಇರದದ್ದು ಅದಕ್ಕೆ ತಕ್ಕ ಸಲಕರಣೆ ಮಾತ್ರ.

ಕೂರಿಗೆಯ ತಾಳು ಸಡಿಲಾದರೆ ನಾವು ಪಟ್ಟಣಕ್ಕೆ ಓಡುವುದಿಲ್ಲ. ಬಡಿಗೇರ, ಕಮ್ಮಾರರ ಮನೆ ಊರಲ್ಲೇ ಇದೆ. ಬೆಟಗೇರಿಯ ನೇಕಾರರು ಮಗ್ಗದ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಈ ಯಂತ್ರಕ್ಕೂ ಅದೇ ರೀತಿ ಕೆಲವು ಸಲಕರಣೆಗಳನ್ನು ಗುಜರಿ ಸಾಮಾನಿನಿಂದ ಮಾಡಿಕೊಳ್ಳಬಹುದು. ಯಾವುದನ್ನು ಮಾಡಬಹುದು, ಯಾವುದನ್ನು ಎಂದೂ ಮಾಡಬಾರದು ಎಂಬುದನ್ನು ಮಾತ್ರ ಚೆನ್ನಾಗಿ ತಿಳಿದಿರಬೇಕು. ಯಾವ ಕೆಲಸಕ್ಕೂ ಮುಂಚೆ ಎಂಜಿನ್ ಆರಿಸಿ, ಪ್ಲಗ್ಗಿನ ಟೊಪ್ಪಿಗೆ ಕಿತ್ತಿಡಿ. ಇದು ಮೊದಲ ಪಾಠ.

ಒಂದು ಬ್ಲೇಡು, ಎರಡು ಕೆಲಸ

ಕಬ್ಬಿಣ ಕೊಯ್ಯುವ ಸವೆದ ಹ್ಯಾಕ್ಸಾ ಬ್ಲೇಡನ್ನು ಎಸೆಯಬೇಡಿ. ಅದರ ಒಂದು ತುದಿಯನ್ನು ಸಾಣೆಗೆ ಹಿಡಿದು ಕೊಕ್ಕೆಯಾಗಿ ಮಾಡಿರಿ. ಇನ್ನೊಂದು ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಹಿಡಿಕೆಯಾಯಿತು. ಚೈನು ಓಡುವ ಬಾರಿನ ಸಂದಿಯಲ್ಲಿ ಎಣ್ಣೆ ಕುಡಿದ ಹೊಟ್ಟು, ಎರೆಮಣ್ಣು ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಕೊಕ್ಕೆಯಿಂದ ಅದನ್ನು ಕೆರೆದು ತೆಗೆಯಿರಿ. ಎಣ್ಣೆ ಬರುವ ಸಣ್ಣ ತೂತನ್ನೂ ಬಿಡಿಸಿರಿ. ಎಣ್ಣೆ ತಲುಪದಿದ್ದರೆ ಚೈನು ಕಾದು ಹಿಗ್ಗುತ್ತದೆ, ಬಾರು ಸವೆಯುತ್ತದೆ. ಬ್ಲೇಡು ಮುರಿಯುವಾಗ, ಸಾಣೆಗೆ ಹಿಡಿಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಉಳಿದ ತುಂಡಿನ ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆದರೆ ಅದೇ ಅಳತೆಗೋಲಾಗುತ್ತದೆ. ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗೂಟ ಇರುವುದನ್ನು ನೋಡಿದ್ದೀರಿ. ಕುಂಟೆ ಎಷ್ಟು ಆಳ ಇಳಿಯಬೇಕೆಂದು ನಾವು ಹೊಂದಿಸುವಂತೆ, ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಈ ಗೂಟ ನಿರ್ಧರಿಸುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಬಹಳಷ್ಟು ಚೈನುಗಳಲ್ಲಿ ಅದು ಹಲ್ಲಿನ ನೆತ್ತಿಗಿಂತ 0.65 ಮಿ.ಮೀ. ತಗ್ಗಿರಬೇಕು. ಕೈ ಹ್ಯಾಕ್ಸಾ ಬ್ಲೇಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಎರಡು ಹಲ್ಲುಗಳ ನೆತ್ತಿಯ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಗೂಟದ ಮೇಲಿನ ಸಂದಿಯಲ್ಲಿ ಬ್ಲೇಡಿನ ತುಂಡು ತೂರಿಸಿ ನೋಡಿರಿ. ಬಿಗಿಯಾಗಿ ಸರಿದರೆ ಸರಿ. ತೂರದಿದ್ದರೆ ಗೂಟವನ್ನು ಚಪ್ಪಟೆ ಅರದಿಂದ ಒಂದೆರಡು ಸಲ ತಿಕ್ಕಿರಿ. ಹೆಚ್ಚು ತಗ್ಗಿಸಿದರೆ ಯಂತ್ರ ಜಗ್ಗಿ ಹಿಂದಕ್ಕೆ ಒದೆಯುತ್ತದೆ, ಎಚ್ಚರಿಕೆ.

ಕೊರಡಿನ ವೈಸು, ಕಾಗದದ ಕೋನ

ಹಲ್ಲು ಹರಿತ ಮಾಡಲು ಬಾರು ಅಲುಗಾಡದಂತೆ ನಿಲ್ಲಬೇಕು. ಮೊಣಕಾಲೆತ್ತರದ ಒಂದು ಜಾಲಿ ಕೊರಡನ್ನು ನೆಟ್ಟಗೆ ನಿಲ್ಲಿಸಿ, ಇದೇ ಗರಗಸದಿಂದ ಅದರ ನೆತ್ತಿಯಲ್ಲಿ ಒತ್ತಿನಲ್ಲೇ ಎರಡು ಸಲ ಕೊಯ್ದು ಅಗಲವಾದ ಸೀಳು ಮಾಡಿರಿ. ಬಾರನ್ನು ಅದರಲ್ಲಿ ಇಳಿಸಿ, ಎರಡೂ ಮಗ್ಗುಲಿಗೆ ತೆಳುವಾದ ಬೆಣೆ ಬಡಿಯಿರಿ. ಬೆಣೆ ಬಾರನ್ನಷ್ಟೇ ಒತ್ತಬೇಕು, ಚೈನು ಸರಿಯುವಂತಿರಬೇಕು. ಹೊಲದಲ್ಲಿ ಇದಕ್ಕಿಂತ ಒಳ್ಳೆಯ ವೈಸು ಬೇಡ.

ಹಲ್ಲಿನ ಅಂಚು ಬಾರಿಗೆ ಅಡ್ಡಡ್ಡ ಇರುವುದಿಲ್ಲ. ಸಾಮಾನ್ಯವಾಗಿ 30 ಡಿಗ್ರಿ ಓರೆಯಾಗಿರುತ್ತದೆ. ಕೋನಮಾಪಕ ಇಲ್ಲದಿದ್ದರೆ ಕಾಗದದ ಒಂದು ಮೂಲೆಯನ್ನು ಮೂರು ಸಮಪಾಲಾಗಿ ಮಡಚಿರಿ. ಮೂಲೆ 90 ಡಿಗ್ರಿ; ಅದರ ಮೂರನೇ ಒಂದು ಪಾಲು 30 ಡಿಗ್ರಿ. ಆ ಗೆರೆಯನ್ನು ತಗಡಿನ ತುಂಡಿನ ಮೇಲೆ ಗೀಚಿ ಕಣ್ಣೆದುರು ಇಟ್ಟುಕೊಳ್ಳಿರಿ. ಅರ ಮಾತ್ರ ಕೊಂಡೇ ತರಬೇಕು: .325 ಅಂಗುಲದ ಚೈನಿಗೆ 4.8 ಮಿ.ಮೀ. ಗುಂಡು ಅರ, 3/8 ಅಂಗುಲದ ಗಿಡ್ಡ ಚೈನಿಗೆ 4 ಮಿ.ಮೀ. ಅರ. ಒಳಗಿನಿಂದ ಹೊರಕ್ಕೆ ಮಾತ್ರ ತಿಕ್ಕಿರಿ. ಎಲ್ಲ ಹಲ್ಲುಗಳಿಗೂ ಎಣಿಸಿ ಅಷ್ಟೇ ಸಲ ತಿಕ್ಕಿರಿ. ಇಲ್ಲವಾದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ.

ಈ ಹಲ್ಲಿನ ಕಥೆ ಸ್ವಾರಸ್ಯದ್ದು. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಕೊರಡಿನಲ್ಲಿದ್ದ ದುಂಬಿಯ ಹುಳುವನ್ನು ಕಂಡ. ಅದರ ದವಡೆ ಎಡಕ್ಕೂ ಬಲಕ್ಕೂ ಕತ್ತರಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ಕೊರೆಯುತ್ತಿತ್ತು. ಅದನ್ನೇ ಅನುಸರಿಸಿ ಎಡ-ಬಲ ಹಲ್ಲಿನ ಚೈನು ಮಾಡಿದ. ಮರುವರ್ಷ ಅದು ಮಾರಾಟಕ್ಕೆ ಬಂದಿತು. ಎಡ-ಬಲ ಸಮನಾಗಿರಬೇಕೆಂಬುದರ ಗುಟ್ಟು ಇದೇ.

ಹಗ್ಗದ ತಡೆ

ಕ್ಲಚ್ಚು ಬಿಚ್ಚಲು ಹೋಗಿ ಎಂಜಿನ್ ಕೆಡಿಸಿಕೊಳ್ಳುವವರೇ ಹೆಚ್ಚು. ಪ್ಲಗ್ಗಿನ ತೂತಿಗೆ ಕಬ್ಬಿಣದ ಬೋಲ್ಟು ತುರುಕಿ ಪಿಸ್ಟನ್ ತಡೆಯುವವರುಂಟು; ಪಿಸ್ಟನ್ ನೆತ್ತಿ ಒಡೆಯುತ್ತದೆ. ಬದಲಿಗೆ 4-5 ಮಿ.ಮೀ. ದಪ್ಪದ ಶುದ್ಧವಾದ ನೈಲಾನ್ ಹಗ್ಗ ಸಾಕು. ತುದಿ ಬಿಚ್ಚದಂತೆ ಬೆಂಕಿಯಲ್ಲಿ ಕರಗಿಸಿರಿ. ಸೈಲೆನ್ಸರ್ ತೆಗೆದು, ದಾರವನ್ನು ಮೆಲ್ಲಗೆ ಎಳೆಯುತ್ತ, ಮೇಲೇರುವ ಪಿಸ್ಟನ್ ಹೊಗೆಕಂಡಿಯನ್ನು ಪೂರ್ತಿ ಮುಚ್ಚಿದ ಮೇಲೆ ಪ್ಲಗ್ಗಿನ ತೂತಿನಿಂದ ಹಗ್ಗ ತುಂಬಿರಿ. ಮೊದಲೇ ತುಂಬಿದರೆ ಹಗ್ಗ ಕಂಡಿಯಲ್ಲಿ ಸಿಕ್ಕಿ ಕತ್ತರಿಸುತ್ತದೆ. ಒಂದು ತುದಿ ಹೊರಗೇ ಇರಲಿ.

ಕ್ಲಚ್ಚಿಗೆ ಕೀಲಿ ಬೇಕು. ದಪ್ಪ ಗೋಡೆಯ ಕಬ್ಬಿಣದ ಕೊಳವೆಯ ತುಂಡಿನ ಬಾಯಿಗೆ, ಕ್ಲಚ್ಚಿನ ಗಾಡಿಗೆ ಹೊಂದುವ ಎರಡು ಹಲ್ಲು ಕೊರೆಸಿ, ಮೇಲೆ ಅಡ್ಡ ಸರಳು ಬೆಸೆಯಲು ಕಮ್ಮಾರರಿಗೆ ಹೇಳಿರಿ. ಒಂದು ಮಾತು ಮರೆಯಬೇಡಿ: ಈ ಯಂತ್ರಗಳ ಕ್ಲಚ್ಚಿನ ಮರೆ ಸಾಮಾನ್ಯವಾಗಿ ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಉಳಿ-ಸುತ್ತಿಗೆಯಿಂದ ಬಡಿದರೆ ಕ್ಲಚ್ಚು ಹೋಳಾಗುತ್ತದೆ.

ಗಾಳಿ ಸೋರುವುದನ್ನು ಹಿಡಿಯುವ ಬಗೆ

ನಿಂತಲ್ಲೇ ಎಂಜಿನ್ ಜೋರಾಗಿ ಕಿರುಚಿ, ಆಮೇಲೆ ಆರಿಹೋಗುತ್ತಿದೆಯೆ? ಎಲ್ಲೋ ಗಾಳಿ ಸೇರುತ್ತಿರಬಹುದು. ಗಾಳಿ ಸೇರಿದಷ್ಟೂ ಪೆಟ್ರೋಲು ಮತ್ತು ಅದರೊಡನೆ ಬರುವ 2-ಟಿ ಎಣ್ಣೆ ಕಡಿಮೆ ಬಿದ್ದು ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಗ ಖರ್ಚು ದೊಡ್ಡದು. ಹೊಸ ಪಿಸ್ಟನ್ ಹಾಕಿಸಿದರೂ ಸೋರಿಕೆ ಉಳಿದರೆ ಅದೂ ಹೋಗುತ್ತದೆ.

ಪರೀಕ್ಷೆಗೆ ರಕ್ತದೊತ್ತಡ ನೋಡುವ ಹಳೆಯ ಸಾಧನದ ರಬ್ಬರ್ ಬುರುಡೆ ಮತ್ತು ಮುಳ್ಳಿನ ಗಡಿಯಾರ ತನ್ನಿರಿ. ಕಾರ್ಬುರೇಟರ್, ಸೈಲೆನ್ಸರ್ ಬಿಚ್ಚಿರಿ. ಅವು ಕೂರುವ ಜಾಗಕ್ಕೆ 3 ಮಿ.ಮೀ. ತಗಡಿನ ಎರಡು ಮುಚ್ಚಳ ಕತ್ತರಿಸಿ, ಅಡಿಯಲ್ಲಿ ಲಾರಿ ಟ್ಯೂಬಿನ ರಬ್ಬರ್ ಇಟ್ಟು ಅದೇ ಬೋಲ್ಟುಗಳಿಂದ ಬಿಗಿಯಿರಿ. ಕಾರ್ಬುರೇಟರ್ ಕಡೆಯ ಮುಚ್ಚಳಕ್ಕೆ ಸಣ್ಣ ಹಿತ್ತಾಳೆ ನಳಿಗೆ ಬೆಸೆಸಿ ಬುರುಡೆಯ ರಬ್ಬರ್ ಕೊಳವೆ ಜೋಡಿಸಿರಿ. ಒತ್ತಡ ಹೋಗುವ ಬೇರೆ ಸಣ್ಣ ತೂತಿದ್ದರೆ ಮುಚ್ಚಿರಿ. ಪ್ಲಗ್ಗು ಜಾಗದಲ್ಲಿರಲಿ, ಪಿಸ್ಟನ್ ಮೇಲಿರಲಿ. ಮುಳ್ಳು 250ಕ್ಕೆ ಏರುವವರೆಗೆ ಹಿಚುಕಿ ಒಂದು ನಿಮಿಷ ನೋಡಿರಿ. ಇಳಿದರೆ ಸೋರಿಕೆ ಇದೆ. ಕ್ಲಚ್ಚು ಮತ್ತು ಫ್ಲೈವೀಲಿನ ಹಿಂದಿನ ಸೀಲುಗಳಿಗೆ, ಸಿಲಿಂಡರಿನ ಬುಡಕ್ಕೆ ಸೋಪಿನ ನೀರು ಹಚ್ಚಿರಿ. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕಿದ.

ಇವನ್ನು ಮಾಡಬೇಡಿ

ಚೈನು ಹರಿದರೆ ಮೊಳೆ ಬಡಿದು, ತಂತಿ ಕಟ್ಟಿ ಕೂಡಿಸಬೇಡಿ. ಓಡುವಾಗ ಮತ್ತೆ ಹರಿದ ಚೈನು ಚಾಟಿಯಂತೆ ಬೀಸುತ್ತದೆ. ಮುಂಗೈ ಬಳಿಯ ಬ್ರೇಕು ಕೆಟ್ಟಿದ್ದರೆ ಕಿತ್ತೆಸೆದು ಕೆಲಸ ಮುಂದುವರಿಸಬೇಡಿ. ಬಾರಿನ ನಟ್ಟು, ಚೈನು, ಬ್ರೇಕಿನ ಪಟ್ಟಿ ಇವು ಅಂಗಡಿಯಿಂದಲೇ ಬರಬೇಕು. ಎರಡು ದಿನ ಕೆಲಸ ನಿಂತರೆ ಮುಂದೆ ಮಾಡಬಹುದು. ಕೈ ಹೋದರೆ ಒಕ್ಕಲುತನವೇ ನಿಂತಿತು.

ಇನ್ನೊಂದು ಮಾತು. ಯಂತ್ರ ಸರಿಯಾಯಿತೆಂದು ಕಂಡ ಮರಕ್ಕೆಲ್ಲ ಹಚ್ಚಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಕೊಡಲಿ, ಗರಗಸ ನಡೆಯುವುದಿಲ್ಲ. ಸ್ವಂತ ಹೊಲದ ಮರಕ್ಕೂ ಅಪ್ಪಣೆ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಕಡಿಯಿರಿ.

ಅರ, ಬ್ಲೇಡು, ಹಗ್ಗ ಪ್ರತಿ ಮನೆಯಲ್ಲಿರಲಿ. ಕ್ಲಚ್ಚಿನ ಕೀಲಿ, ಗಾಳಿ ಪರೀಕ್ಷೆಯ ಸಾಧನ ಊರಿಗೊಂದು ಜೊತೆ ಇದ್ದರೆ ಸಾಕು. ಕೂಡಿ ಸಾಗುವ ಪಾಠವನ್ನು ಗದಗ ಸೀಮೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿದ ನೆಲ ಇದು. ನಿಮ್ಮೂರಿನ ಸೊಸೈಟಿಯಲ್ಲೋ ವಾಚನಾಲಯದಲ್ಲೋ ಒಂದು ತಗಡಿನ ಪೆಟ್ಟಿಗೆ ಇಟ್ಟು, ಒಯ್ದವರ ಹೆಸರು ಬರೆಯಲು ಒಂದು ವಹಿ ಇಡಿರಿ. ಮುಂದಿನ ಸಲ ಜಾಲಿ ಕಡಿಯುವ ಹೊತ್ತಿಗೆ ಹುಬ್ಬಳ್ಳಿ ಬಸ್ಸಿನ ದಾರಿ ಕಾಯುವುದು ತಪ್ಪೀತು.