ಎರಡೂ ನೆಟ್ಟಗೆ, ಆದರೂ ತುದಿಯಲ್ಲಿ ದೂರ!

ಗೋಡೆ ನೆಟ್ಟಗಿದೆಯೇ ಅಂತ ನೋಡಲು ಮೇಸ್ತ್ರಿ ಏನು ಮಾಡ್ತಾನೆ? ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾನೆ. ಗುಂಡು ತೋರಿಸುವುದು ಭೂಮಿಯ ನಡುವಿನ ದಿಕ್ಕನ್ನು. ಭೂಮಿ ದುಂಡಗಿದೆಯಲ್ಲ, ದೂರ ದೂರ ಇಳಿಬಿಟ್ಟ ಎರಡು ದಾರಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಕೆಳಗೆ ಹತ್ತಿರ, ಮೇಲೆ ದೂರ.

ಮನೆ, ಮಳಿಗೆ ಕಟ್ಟುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರದು. ದೊಡ್ಡ ಸೇತುವೆಗೆ ಬರುತ್ತೆ. ನ್ಯೂಯಾರ್ಕಿನಲ್ಲಿ 1964ರಲ್ಲಿ ತೆರೆದ ವೆರಜಾನೊ ತೂಗುಸೇತುವೆ ನೋಡಿ. ಗೋಪುರಗಳ ಎತ್ತರ 693 ಅಡಿ, ನಡುವಿನ ಅಂತರ 4,260 ಅಡಿ. ಎರಡೂ ನೆಟ್ಟಗೇ ನಿಂತಿವೆ. ಆದರೂ ಬುಡಕ್ಕಿಂತ ತುದಿಯಲ್ಲಿ ಒಂದೂವರೆ ಅಂಗುಲಕ್ಕೂ ಹೆಚ್ಚು ದೂರ! 1981ರಲ್ಲಿ ತೆರೆದ ಇಂಗ್ಲೆಂಡಿನ ಹಂಬರ್ ಸೇತುವೆಯಲ್ಲಿ ಇದು 36 ಮಿಲಿಮೀಟರ್.

ಬೆರಳಗಲದ ವಿಷಯಕ್ಕೆ ಇಷ್ಟು ತಲೆಬಿಸಿಯೇ ಅನ್ನಬೇಡಿ. ಬೀದರಿನಿಂದ ಉತ್ತರಕ್ಕೆ ನಾಂದೇಡ್ ದಾಟಿದರೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆ. ಅಲ್ಲಿ ಗುರುತ್ವದ ಅಲೆ ಹಿಡಿಯುವ ಲೈಗೊ ಕೇಂದ್ರ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ತಲಾ 4 ಕಿಲೋಮೀಟರ್ ಉದ್ದದ ಎರಡು ಕೊಳವೆ, ಒಳಗೆ ಲೇಸರ್ ಬೆಳಕು. ಬೆಳಕು ನೇರ ಹೋಗುತ್ತೆ, ನೆಲ ಬಾಗುತ್ತೆ. ಅಷ್ಟು ದೂರಕ್ಕೆ ನೆಲ ಒಂದು ಮೀಟರಿಗಿಂತ ಹೆಚ್ಚು ಇಳಿದಿರುತ್ತದೆ. ರಸಮಟ್ಟವೊಂದನ್ನೇ ನಂಬಿ ಹೋದರೆ ಕೊಳವೆಯೂ ಭೂಮಿಯ ಜೊತೆ ಬಾಗೀತು. ಅಮೆರಿಕದ ಲೈಗೊದಲ್ಲಿ ಈ ಬಾಗನ್ನು ಲೆಕ್ಕ ಹಾಕಿಯೇ ಕಾಂಕ್ರೀಟ್ ಸುರಿದರು.

ಹಿಂಗೋಲಿಯಲ್ಲೂ ಇದೇ ಪರೀಕ್ಷೆ: ಉದ್ದಕ್ಕೂ ರಸಮಟ್ಟ ಸರಿ ಅಂದರೆ ಕೆಲಸ ಕೆಟ್ಟಂತೆ!