ನಿತ್ಯಜೀವನಕ್ಕೆ ನಾಣ್ಣುಡಿಯ ಬೆಳಕು

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತು ಕನ್ನಡ ಶಾಲೆಯಲ್ಲಿ ಓದಿದ ನಮ್ಮೆಲ್ಲರಿಗೂ ಕಂಠಪಾಠ. ಪರೀಕ್ಷೆಯಲ್ಲಿ ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆ ಬಂದೊಡನೆ, ಕೊಟ್ಟ ಗಾದೆ ಯಾವುದೇ ಇರಲಿ, ಮೊದಲ ವಾಕ್ಯವಾಗಿ ಇದನ್ನೇ ಬರೆದು, ಗಾದೆಗಳು ಹಿರಿಯರ ಅನುಭವದ ಸಾರವೆಂಬುದನ್ನು ಎರಡನೆಯ ವಾಕ್ಯವಾಗಿ ಸೇರಿಸಿ ಅಂಕ ಗಳಿಸಿದವರು ನಾವು. ಅಂದು ಅಂಕಕ್ಕಾಗಿ ಬರೆದ ಆ ಮಾತುಗಳು ಮುಂದೆ ನಮ್ಮ ಬದುಕಿಗೆ ಎಷ್ಟು ಒದಗಿದವು? ಹೊರನಾಡಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವುಗಳಲ್ಲಿ ಎಷ್ಟು ತಲುಪಿವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದ ಪ್ರಸಂಗವಿದು. ಊರಿನಲ್ಲಿರುವ ಅಜ್ಜಿಯೊಡನೆ ಮೊಮ್ಮಗ ಫೋನಿನಲ್ಲಿ ಮಾತನಾಡುತ್ತಿದ್ದ. ತನ್ನ ಗೆಳೆಯನ ಶಾಲೆ ತನ್ನ ಶಾಲೆಗಿಂತ ಎಷ್ಟೋ ಚೆನ್ನಾಗಿದೆ, ಅಲ್ಲಿ ಆಟದ ಬಯಲು ದೊಡ್ಡದು, ಮನೆಪಾಠ ಕಡಿಮೆ ಎಂದೆಲ್ಲ ಹೇಳಿಕೊಂಡ. ಅಜ್ಜಿ ನಕ್ಕು, “ದೂರದ ಬೆಟ್ಟ ನುಣ್ಣಗೆ ಕಣೋ” ಎಂದರು. ಹುಡುಗ ತಬ್ಬಿಬ್ಬಾಗಿ, “ಯಾವ ಬೆಟ್ಟ ಅಜ್ಜಿ?” ಎಂದು ಕೇಳಿದ. ಮನೆಯವರೆಲ್ಲ ಮನಸಾರೆ ನಕ್ಕರು. ಆದರೆ ನಗು ಮುಗಿದ ಮೇಲೆ ತಂದೆತಾಯಿಯರ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿಯಿತು. ಹುಡುಗನಿಗೆ ಕನ್ನಡ ಬರುತ್ತದೆ. ದೂರ, ಬೆಟ್ಟ, ನುಣ್ಣಗೆ ಎಂಬ ಮೂರು ಪದಗಳ ಅರ್ಥವೂ ಗೊತ್ತು. ಆದರೂ ಅಜ್ಜಿ ಹೇಳಿದ್ದು ಅವನನ್ನು ಮುಟ್ಟಲಿಲ್ಲ. ಭಾಷೆ ಉಳಿದೂ ಅದರೊಳಗಿನ ವಿವೇಕ ಕೈಜಾರಿ ಹೋಗುವುದೆಂದರೆ ಇದೇ ಇರಬೇಕು.

ಅಂಕಿತವಿಲ್ಲದ ನುಡಿ

ಅನುಭವದ ಮಾತುಗಳಿಗೆ ಕನ್ನಡದಲ್ಲಿ ಎಂದೂ ಬರಗಾಲವಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳು, ಹರಿದಾಸರ ಪದಗಳು, ಸರ್ವಜ್ಞನ ತ್ರಿಪದಿಗಳು, 1943ರಲ್ಲಿ ಪ್ರಕಟವಾದ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ ಇವೆಲ್ಲ ನಮ್ಮ ಮನೆಮನೆಯ ಆಸ್ತಿ. ಇವುಗಳಲ್ಲಿ ಹೇಳಿದವರ ಗುರುತಾಗಿ ಒಂದು ಅಂಕಿತ ಇರುತ್ತದೆ. ಬಸವಣ್ಣನವರದು ‘ಕೂಡಲಸಂಗಮದೇವ’, ಪುರಂದರದಾಸರದು ‘ಪುರಂದರವಿಠಲ’. ಅಂಕಿತವನ್ನು ಕಂಡೊಡನೆ ಇದು ಯಾರ ವಾಣಿ ಎಂದು ತಿಳಿದು ತಲೆಬಾಗುತ್ತೇವೆ.

ಗಾದೆಗೆ ಅಂಕಿತವಿಲ್ಲ. ಅದನ್ನು ಮೊದಲು ಹೇಳಿದವರು ಉಳುವವರೋ, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಯೋ, ಸಂತೆಗೆ ಹೊರಟ ವ್ಯಾಪಾರಿಯೋ ಯಾರೂ ಬಲ್ಲವರಿಲ್ಲ. ಆದುದರಿಂದಲೇ ಅದಕ್ಕೆ ‘ನಾಣ್ಣುಡಿ’, ಅಂದರೆ ನಾಡಿನ ನುಡಿ, ಎಂಬ ಹೆಸರು ಒಪ್ಪುತ್ತದೆ. ಇಂದು ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಸುಭಾಷಿತಗಳು ಬಂದು ಬೀಳುತ್ತವೆ. ಅವುಗಳ ಕೆಳಗೆ ದೊಡ್ಡವರ ಹೆಸರಿರುತ್ತದೆ. ಆದರೆ ಆ ಮಾತನ್ನು ಅವರು ನಿಜವಾಗಿ ಹೇಳಿದ್ದರೇ ಎಂದು ವಿಚಾರಿಸುವವರು ವಿರಳ. ಗಾದೆಗೆ ಅಂತಹ ಎರವಲು ಗೌರವದ ಅಗತ್ಯವಿಲ್ಲ. ಕೆಲಸಕ್ಕೆ ಬಂದರೆ ಜನ ಅದನ್ನು ಮತ್ತೆ ಹೇಳುತ್ತಾರೆ, ಬಾರದಿದ್ದರೆ ಮರೆಯುತ್ತಾರೆ. ತಲೆಮಾರುಗಳ ಈ ಪರೀಕ್ಷೆಯಲ್ಲಿ ಉಳಿದು ಬಂದದ್ದೇ ಅದರ ಯೋಗ್ಯತಾಪತ್ರ.

ಪಂಡಿತರೂ ಈ ಸಂಪತ್ತನ್ನು ಕಡೆಗಣಿಸಲಿಲ್ಲ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. ಪದಗಳ ಅರ್ಥವನ್ನು ತೋರಿಸಲು ಅವರು ಹಳೆಯ ಕಾವ್ಯಗಳ ಪ್ರಯೋಗಗಳ ಜೊತೆಗೆ ಜನರ ಬಾಯಿಂದ ಬಂದ ಗಾದೆಗಳನ್ನೂ ಧಾರಾಳವಾಗಿ ಉದಾಹರಿಸಿದ್ದಾರೆ. ಕವಿಯ ಮಾತಿನ ಪಕ್ಕದಲ್ಲೇ ಕೃಷಿಕನ ಮಾತಿಗೂ ಅಲ್ಲಿ ಮಣೆ ಹಾಕಲಾಯಿತು.

ನೆನಪಿನಲ್ಲಿ ನಿಲ್ಲುವ ಗುಟ್ಟು

ಗಾದೆ ಮನಸ್ಸಿನಲ್ಲಿ ನೆಲೆಯೂರಲು ಅದರ ಕಟ್ಟಡವೇ ಕಾರಣ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದನ್ನು ನೋಡಿ. ಕೆಸರು, ಮೊಸರು ಎಂಬ ಎರಡು ಪದಗಳಲ್ಲಿ ಎರಡನೆಯ ಅಕ್ಷರದಿಂದ ಮುಂದೆ ಎಲ್ಲವೂ ಒಂದೇ. ಎರಡನೆಯ ಅಕ್ಷರದ ಪ್ರಾಸ ನಮ್ಮ ಹಳೆಯ ಕವಿಗಳಿಗೆ ಎಷ್ಟು ಪ್ರಿಯವೋ ಗಾದೆ ಕಟ್ಟಿದವರಿಗೂ ಅಷ್ಟೇ ಪ್ರಿಯ. ಕೆಸರುಗದ್ದೆಯಲ್ಲಿ ನಾಟಿ ಮಾಡುವ ಕೈ ಒಂದು ಕಡೆ, ಮೊಸರನ್ನ ಉಣ್ಣುವ ಬಾಯಿ ಇನ್ನೊಂದು ಕಡೆ. ನಡುವೆ ಇರುವ ಆರು ತಿಂಗಳ ದುಡಿಮೆಯನ್ನು ಕೇಳುವವನೇ ತುಂಬಿಕೊಳ್ಳಬೇಕು.

‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬಲ್ಲಿಯೂ ಇದೇ ಜಾಣ್ಮೆ. ಆದರೆ ನಗರದ ಮಗುವಿಗೆ ಇಲ್ಲಿ ‘ಬಳ್ಳ’ ಎಂಬುದು ತೊಡಕು. ಅದು ಹಿಂದೆ ಮನೆಮನೆಯಲ್ಲಿದ್ದ, ಧಾನ್ಯ ಅಳೆಯುವ ಮಾಪು ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳುವಾಗ ಅಜ್ಜನ ಕಣಜ, ಸುಗ್ಗಿ, ರಾಶಿಪೂಜೆ ಎಲ್ಲವೂ ಮಾತಿನಲ್ಲಿ ಬಂದೇ ಬರುತ್ತವೆ. ಒಂದು ಗಾದೆಯ ವಿವರಣೆ ಹೀಗೆ ಒಂದು ಊರಿನ ಪರಿಚಯವೂ ಆಗುತ್ತದೆ. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಉಳಿಸಿ ಮಹಾನಗರದಲ್ಲಿ ಮನೆ ಮಾಡಿಕೊಂಡ ನಮ್ಮವರ ಕಥೆಯನ್ನು ಅದರೊಡನೆ ಸೇರಿಸಿದರೆ, ಬಳ್ಳವನ್ನು ಎಂದೂ ಕಾಣದ ಮಗುವಿಗೂ ಮಾತು ತನ್ನದೆನಿಸುತ್ತದೆ.

ಎರಡು ಗಾದೆ, ಎರಡು ದಾರಿ

ಗಾದೆಗಳು ಒಂದಕ್ಕೊಂದು ವಿರುದ್ಧವಾಗಿವೆ, ಯಾವುದನ್ನು ನಂಬುವುದು ಎಂದು ಯುವಕರು ಕೇಳುವುದುಂಟು. ಪ್ರಶ್ನೆ ಸರಿಯಾಗಿಯೇ ಇದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದ ಜನರೇ ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂದೂ ಹೇಳಿದರು. ‘ತಾಳಿದವನು ಬಾಳಿಯಾನು’ ಎಂದವರೇ ‘ನಾಳೆ ಎಂದವನ ಮನೆ ಹಾಳು’ ಎಂದೂ ಎಚ್ಚರಿಸಿದರು.

ಇದು ಗಾದೆಗಳ ದೋಷವಲ್ಲ. ವೈದ್ಯರ ಕಪಾಟಿನಲ್ಲಿ ಮಲಬದ್ಧತೆಗೂ ಔಷಧವಿರುತ್ತದೆ, ಭೇದಿಗೂ ಔಷಧವಿರುತ್ತದೆ. ಯಾವುದು ಯಾರಿಗೆ, ಯಾವಾಗ ಎಂಬುದನ್ನು ಅರಿಯುವುದೇ ವೈದ್ಯವಿದ್ಯೆ. ಕಚೇರಿಯಲ್ಲಿ ಮೇಲಧಿಕಾರಿಯ ಒಂದು ಬಿರುಸು ಮಾತಿಗೆ ಸಿಟ್ಟಾಗಿ ರಾಜೀನಾಮೆ ಬರೆಯಲು ಹೊರಟ ಮಗನಿಗೆ ‘ತಾಳಿದವನು ಬಾಳಿಯಾನು’ ಎಂಬುದು ಹಿತವಾದೀತು. ಎದೆನೋವು ಬಂದರೂ ‘ನಾಳೆ ನೋಡೋಣ’ ಎಂದು ಡಾಕ್ಟರರ ಬಳಿ ಹೋಗದೆ ಕುಳಿತ ತಂದೆಗೆ ಅದೇ ಮಾತು ಅಪಾಯ. ಅಲ್ಲಿ ಮನೆಯವರಿಗೆ ನೆನಪಾಗಬೇಕಾದದ್ದು ಎರಡನೆಯ ಗಾದೆ. ವಿವೇಕ ಇರುವುದು ಗಾದೆಯಲ್ಲಿ ಅರ್ಧ; ಉಳಿದರ್ಧ ಅದನ್ನು ಆಯ್ದುಕೊಳ್ಳುವ ಸಮಯಪ್ರಜ್ಞೆಯಲ್ಲಿದೆ. ಆದ್ದರಿಂದ ಗಾದೆಯೊಂದನ್ನು ಕಲಿಯುವಾಗ ಅದರ ಎದುರು ಗಾದೆಯನ್ನೂ ಕಲಿಯುವುದು ಲೇಸು.

ಮೊದಲು ನಮಗೆ, ಆಮೇಲೆ ಇತರರಿಗೆ

ಗಾದೆಯನ್ನು ಆಯುಧವಾಗಿ ಬಳಸುವ ತಪ್ಪನ್ನು ನಮ್ಮಲ್ಲಿ ಅನೇಕರು ಮಾಡಿದ್ದೇವೆ. ಮಗಳು ಬೇರೆ ಊರಿನಲ್ಲಿ ಹೆಚ್ಚಿನ ವ್ಯಾಸಂಗ ಮಾಡುವೆನೆಂದಾಗ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬಾಯಿ ಮುಚ್ಚಿಸುತ್ತೇವೆ. ಅದೇ ಮಗಳ ಮದುವೆಯಲ್ಲಿ ನಾಲ್ಕು ಜನ ಮೆಚ್ಚಲೆಂದು ಸಾಲ ಮಾಡಿ ದೊಡ್ಡ ಕಲ್ಯಾಣಮಂಟಪ ಹಿಡಿಯುವಾಗ ಆ ಹಾಸಿಗೆ ನೆನಪಿಗೆ ಬರುವುದಿಲ್ಲ. ಕ್ರೆಡಿಟ್ ಕಾರ್ಡಿನ ಕಂತು, ಅಗತ್ಯವಿಲ್ಲದ ಎರಡನೆಯ ಕಾರು, ತೋರಿಕೆಯ ಪ್ರವಾಸ ಇವುಗಳ ಮುಂದೆ ನಾವು ನಮಗೇ ಹೇಳಿಕೊಳ್ಳಬೇಕಾದ ಮಾತನ್ನು ಮಕ್ಕಳ ಆಸೆಯ ಮೇಲೆ ಪ್ರಯೋಗಿಸುತ್ತೇವೆ.

ನಮ್ಮ ಹಿಂದಿನ ತಲೆಮಾರನ್ನು ಸ್ಮರಿಸೋಣ. ಚಿಕ್ಕ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಎಷ್ಟೋ ಜನ. ಅವರಿಗೆ ಮಲಗಲು ಸರಿಯಾದ ಹಾಸಿಗೆಯೇ ಇರಲಿಲ್ಲ. ಖರ್ಚಿನಲ್ಲಿ ಅವರು ಕಾಲು ಮಡಿಚಿಕೊಂಡರು; ಪ್ರಯತ್ನದಲ್ಲಿ ಮಡಿಚಿಕೊಳ್ಳಲಿಲ್ಲ. ಇದ್ದ ಹಾಸಿಗೆಯನ್ನೇ ಉದ್ದ ಮಾಡಿಕೊಂಡರು. ಈ ಗಾದೆಯ ಎಲ್ಲೆ ಖರ್ಚಿಗೆ ಸಂಬಂಧಿಸಿದ್ದು, ಕನಸಿಗಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಹೆಣ್ಣನ್ನು, ಕೆಲವು ಜಾತಿ ಕಸುಬುಗಳನ್ನು, ಅಂಗವಿಕಲರನ್ನು ಹೀಗಳೆಯುವ ಗಾದೆಗಳೂ ನಮ್ಮಲ್ಲಿವೆ. ಅವು ಅಂದಿನ ಸಮಾಜದ ಕನ್ನಡಿ. ಇಂದಿನ ನಡೆಗೆ ದಾರಿದೀಪವಾಗಲಾರವು. ಸಂಶೋಧಕರ ಪುಸ್ತಕದಲ್ಲಿ ಅವು ಇರಲಿ, ನಮ್ಮ ನಾಲಗೆಯ ಮೇಲೆ ಬೇಡ. ಪರೀಕ್ಷೆಯಲ್ಲಿ ನಾವು ಏನೇ ಬರೆದಿರಲಿ, ಗಾದೆಯೂ ಸುಳ್ಳಾಗುವುದುಂಟು. ಅಕ್ಕಿಯಿಂದ ಕಲ್ಲನ್ನು ಆರಿಸುವಂತೆ ಆರಿಸಿಯೇ ಅಡುಗೆಗೆ ಬಳಸಬೇಕು.

ನೆರೆಮನೆಯ ಗಾದೆ

ಹೊರನಾಡಿನಲ್ಲಿರುವ ನಮಗೆ ಊರಿನವರಿಗಿಲ್ಲದ ಒಂದು ಲಾಭವಿದೆ. ನೆರೆಯವರ ಗಾದೆಗಳು ದಿನವೂ ಕಿವಿಗೆ ಬೀಳುತ್ತವೆ. ತನ್ನ ಕುಂದನ್ನು ಒಪ್ಪಿಕೊಳ್ಳದೆ ಬೇರೆಯದರ ಮೇಲೆ ತಪ್ಪು ಹೊರಿಸುವವರನ್ನು ಕುರಿತು ಕನ್ನಡದಲ್ಲಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತೇವೆ. ಮರಾಠಿಯವರು ‘ನಾಚತಾ ಯೇಈನಾ ಅಂಗಣ ವಾಕಡೇ’ ಎಂದು ಅಂಗಳವನ್ನು ದೂರುತ್ತಾರೆ. ಹಿಂದಿಯವರ ‘ನಾಚ್ ನ ಜಾನೇ ಆಂಗನ್ ಟೇಢಾ’ ಎಂಬುದೂ ಅದೇ ಅಂಗಳ. ತಮಿಳಿನಲ್ಲಿ ಡೊಂಕಾಗುವುದು ವೇದಿಕೆ. ತೆಲುಗಿನ ‘ಆಡಲೇಕ ಮದ್ದೆಲ ಓಡು’ ಎಂಬಲ್ಲಿ ಪಾಪ, ಅಪವಾದ ಹೊರುವುದು ಮದ್ದಳೆ! ನೆಪ ಹುಡುಕುವ ಮನುಷ್ಯಸ್ವಭಾವ ಮಾತ್ರ ಎಲ್ಲ ಕಡೆಯೂ ಒಂದೇ. ಹಾಸಿಗೆ ಮತ್ತು ಕಾಲಿನ ಗಾದೆಯೂ ಮರಾಠಿಯಲ್ಲಿ, ಹಿಂದಿಯಲ್ಲಿ ಇದೆ. ಪಕ್ಕದ ಮನೆಯ ಆಜಿಯೊಡನೆ ನಮ್ಮ ಅಜ್ಜಿ ಗಾದೆಗೆ ಗಾದೆ ಕೊಟ್ಟು ಕುಳಿತರೆ, ಅದಕ್ಕಿಂತ ಒಳ್ಳೆಯ ಭಾಷಾಸೌಹಾರ್ದ ಯಾವ ಸಭೆಯಲ್ಲೂ ಸಿಗಲಾರದು.

ಮನೆಯಲ್ಲಿ ಏನು ಮಾಡಬಹುದು?

ಮಕ್ಕಳಿಗೆ ನೂರು ಗಾದೆಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರಾಜ್ಯೋತ್ಸವದ ಸ್ಪರ್ಧೆಯಲ್ಲಿ ಬಹುಮಾನ ಬಂದೀತು, ಮರುದಿನ ಮರೆತೂ ಹೋದೀತು. ಗಾದೆಯನ್ನು ಸಂದರ್ಭದೊಡನೆಯೇ ಕೊಡಬೇಕು. ಯಾರದೋ ಮೇಲೆ ಬಂದ ಅಪವಾದದ ಸಂದೇಶವನ್ನು ಗುಂಪಿಗೆ ಕಳುಹಿಸಲು ಬೆರಳು ಮುಂದಾದಾಗ ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಮಕ್ಕಳೆದುರು ನಾವೇ ಹೇಳಿಕೊಂಡು ಕೈ ಹಿಂತೆಗೆಯೋಣ. ಒಂದು ಜಗಳದಲ್ಲಿ ಹತ್ತು ವರ್ಷದ ಸ್ನೇಹ ಕಡಿದುಕೊಳ್ಳಲು ಹೊರಟಾಗ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬುದನ್ನು ನೆನೆಯೋಣ. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರು ಆಡುವ ಗಾದೆಗಳನ್ನು, ಅವರು ಅದನ್ನು ಯಾವಾಗ ಯಾರಿಗೆ ಹೇಳಿದರು ಎಂಬುದರ ಸಮೇತ, ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಇನ್ನೂ ಒಳ್ಳೆಯದು. ಆ ಹಿರಿಯರು ನಾಳೆಯೂ ಹೇಳಲು ಇರುತ್ತಾರೆಂಬ ಭರವಸೆ ಯಾರಿಗೂ ಇಲ್ಲ.

ಮೇಲೆ ಹೇಳಿದ ಮನೆಯಲ್ಲಿ ಅಂದು ರಾತ್ರಿ ತಂದೆ ಮಗನಿಗೆ ಬೆಟ್ಟದ ಗುಟ್ಟನ್ನು ವಿವರಿಸಿದರು. ದೂರದಿಂದ ನುಣುಪಾಗಿ ಕಾಣುವ ಬೆಟ್ಟ ಹತ್ತಿರ ಹೋದಾಗ ಕಲ್ಲುಮುಳ್ಳು ತೋರುತ್ತದೆ, ಗೆಳೆಯನ ಶಾಲೆಯೂ ಹಾಗೆಯೇ ಎಂದರು. ಕೆಲವು ವಾರಗಳ ಬಳಿಕ ಒಂದು ಸಂಜೆ ರೈಲಿನ ನೂಕುನುಗ್ಗಲಿನಲ್ಲಿ ಬೆಂದು ಮನೆಗೆ ಬಂದ ತಂದೆ, “ಊರಿನಲ್ಲೇ ಇದ್ದಿದ್ದರೆ ಎಷ್ಟು ನೆಮ್ಮದಿಯಾಗಿರುತ್ತಿತ್ತು” ಎಂದು ನಿಟ್ಟುಸಿರು ಬಿಟ್ಟರು. ಹುಡುಗ ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ದೂರದ ಬೆಟ್ಟ ನುಣ್ಣಗೆ” ಎಂದ. ತಂದೆಗೆ ದಣಿವೆಲ್ಲ ಮರೆತು ನಗು ಬಂದಿತು. ಕೂಡಲೇ ಊರಿಗೆ ಫೋನು ಮಾಡಿ ಅಜ್ಜಿಗೆ ವಿಷಯ ತಿಳಿಸಿದರು.

ಗಾದೆ ಉಳಿಯುವುದು ಹೀಗೆ. ನಮ್ಮ ಮನೆಗಳಲ್ಲಿಯೂ ದಿನಕ್ಕೊಂದು ಸಲವಾದರೂ, ಸಂದರ್ಭವರಿತು, ನಗುಮುಖದಿಂದ ಒಂದು ನಾಣ್ಣುಡಿ ಕೇಳಿಬರಲಿ ಎಂದು ಹಾರೈಸೋಣ.