ಬ್ಯಾಂಜೊ ಸೋಲೊ: ಹಾಳೆಯಲ್ಲಿಲ್ಲದ ಧಾಟಿ

ಐದು ತಂತಿಯ ಬ್ಯಾಂಜೊ ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಟ್ಯಾಬ್ಲೇಚರ್. ಯಾವ ತಂತಿ, ಯಾವ ಫ್ರೆಟ್ ಎಂದು ಅಂಕಿಗಳಲ್ಲಿ ಬರೆದ ಈ ಹಾಳೆಯಿಂದ ಒಂದು ಸೋಲೊ ಬೇಗ ಕೈಗೆ ಹತ್ತುತ್ತದೆ. ಹಾಳೆ ತೆಗೆದಿಟ್ಟ ಕೂಡಲೇ ಕೈ ನಿಂತುಹೋಗುವುದೂ ಅಷ್ಟೇ ಸಾಮಾನ್ಯ. (ನಮ್ಮಲ್ಲಿ ಬ್ಯಾಂಜೊ ಎಂದೇ ಕರೆಯುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ಬೇರೆ, ಇದು ಅಮೆರಿಕದ ಬ್ಲೂಗ್ರಾಸ್ ಸಂಗೀತದ ವಾದ್ಯ.)

ತಪ್ಪು ಕಲ್ಪನೆ: ಟ್ಯಾಬ್ ಇಲ್ಲದೆ ಬ್ಯಾಂಜೊ ಕಲಿಯಲಾಗದು.

ಸತ್ಯ: ವಾದ್ಯದ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಗುಲಾಮರಾಗಿ ಅಮೆರಿಕಕ್ಕೆ ಬಂದವರು ಅದನ್ನು ಕೇಳಿ, ನೋಡಿಯೇ ಉಳಿಸಿಕೊಂಡರು. ನಾರ್ತ್ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್ 1945ರಲ್ಲಿ ಬ್ಲೂಗ್ರಾಸ್ ಸಂಗೀತಗಾರ ಬಿಲ್ ಮನ್ರೋ ಅವರ ತಂಡ ಸೇರಿ ಮೂರು ಬೆರಳಿನ ಶೈಲಿಯನ್ನು ದೇಶಕ್ಕೆಲ್ಲ ಕೇಳಿಸಿದರು. ಟ್ಯಾಬ್ ಸಮೇತ ಅವರ ಪಾಠಪುಸ್ತಕ ಬಂದದ್ದು 1968ರಲ್ಲಿ. ಅಲ್ಲಿಯವರೆಗೆ ಆ ಶೈಲಿಯ ಬಹಳಷ್ಟು ವಾದಕರಿಗೆ ರೇಡಿಯೊ, ರೆಕಾರ್ಡುಗಳೇ ಗುರು. ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿಯನ್ನು 16⅔ಕ್ಕೆ ಇಳಿಸಿದರೆ ಗತಿ ಅರ್ಧವಾಗುತ್ತದೆ, ಶ್ರುತಿ ಸರಿಯಾಗಿ ಒಂದು ಸ್ಥಾಯಿ ಇಳಿಯುತ್ತದೆ, ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ.

ತಪ್ಪು ಕಲ್ಪನೆ: ಕೇಳಿ ನುಡಿಸುವುದು ಹುಟ್ಟಿನಿಂದ ಬರುವ ವರ.

ಸತ್ಯ: ಗುನುಗಲು ಬರುವ ಧಾಟಿಯನ್ನು ತಂತಿಯ ಮೇಲೆ ಹುಡುಕಬಹುದು. 'ಓಪನ್ ಜಿ' ಶ್ರುತಿಯಲ್ಲಿ ಜಿ ಸ್ವರವನ್ನು ಷಡ್ಜವೆಂದುಕೊಂಡರೆ, ನಾಲ್ಕನೇ ತಂತಿಯಿಂದ ಒಂದನೆಯದರವರೆಗೆ ಮಂದ್ರ ಪ, ಸ, ಗ, ಪ ನುಡಿಯುತ್ತವೆ. ಗಿಡ್ಡನೆಯ ಐದನೇ ತಂತಿ ತಾರಷಡ್ಜ.

'ಟ್ವಿಂಕಲ್ ಟ್ವಿಂಕಲ್' ಶಿಶುಗೀತೆಯ ಮೊದಲ ಸಾಲು ಸಸ ಪಪ ದದ ಪ. ಮೂರನೇ ತಂತಿಯನ್ನು ಹಾಗೇ ಎರಡು ಸಲ, ಒಂದನೆಯದನ್ನು ಹಾಗೇ ಎರಡು ಸಲ ಮೀಟಬೇಕು. ಅದೇ ಒಂದನೇ ತಂತಿಯ ಎರಡನೇ ಫ್ರೆಟ್ ಒತ್ತಿ ಇನ್ನೆರಡು ಸಲ, ಮತ್ತೆ ಬಿಟ್ಟು ಒಮ್ಮೆ. ಮುಂದಿನ ಮಮ ಗಗ ರಿರಿ ಸ ಕೂಡ ಮೊದಲೆರಡು ಫ್ರೆಟ್‌ಗಳೊಳಗೇ ಸಿಗುತ್ತದೆ. ಬಾಯಲ್ಲಿ ಹಾಡುತ್ತಾ ಒಂದೇ ಬೆರಳಿನಿಂದ ಹುಡುಕಿದರೆ ಸಾಕು.

ತಪ್ಪು ಕಲ್ಪನೆ: ವೇಗದ ರೋಲ್ ಬಂದರೆ ಸೋಲೊ ಬಂದಂತೆ.

ಸತ್ಯ: ರೋಲ್ ಎಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ತಂತಿಗಳನ್ನು ಒಂದು ಕ್ರಮದಲ್ಲಿ ಮೀಟುವ ಬಗೆ. ಧಾಟಿಯ ಸ್ವರಗಳ ನಡುವಿನ ಜಾಗ ತುಂಬುವುದು ಅದರ ಕೆಲಸ. 'ಟ್ವಿಂಕಲ್'ನ ಮೊದಲ 'ಸ'ವನ್ನು ಹೆಬ್ಬೆರಳು ಮೂರನೇ ತಂತಿಯ ಮೇಲೆ ಒತ್ತಿ ನುಡಿಸಲಿ. ಬೆನ್ನಿಗೇ ತೋರುಬೆರಳು ಎರಡನೇ ತಂತಿಗೆ, ಹೆಬ್ಬೆರಳು ಐದನೆಯದಕ್ಕೆ, ನಡುಬೆರಳು ಒಂದನೆಯದಕ್ಕೆ ಹೋಗಲಿ. ಒಂದು ಸ್ವರ ನಾಲ್ಕಾಯಿತು. ಆದರೂ ಕೇಳುಗರಿಗೆ 'ಸ'ವೇ ಎದ್ದು ಕೇಳಬೇಕು. ಅದು ಮುಳುಗಿದರೆ ಎಲ್ಲ ಹಾಡುಗಳೂ ಒಂದೇ ಹಾಡಿನಂತಾಗುತ್ತವೆ.

ತಪ್ಪು ಕಲ್ಪನೆ: ಧಾಟಿಯ ಒಂದು ಸ್ವರವನ್ನೂ ಬಿಡುವಂತಿಲ್ಲ.

ಸತ್ಯ: ತಾಳದ ಪೆಟ್ಟಿನ ಮೇಲೆ ಬೀಳುವ ಸ್ವರಗಳು ಉಳಿದರೆ ಹಾಡಿನ ಗುರುತು ಸಿಗುತ್ತದೆ. ಸ್ಕ್ರಗ್ಸ್ ಶೈಲಿಯಲ್ಲಿ ಸಣ್ಣಪುಟ್ಟ ಸ್ವರಗಳನ್ನು ರೋಲ್‌ಗಾಗಿ ಬಿಡುವುದುಂಟು. 1960ರ ದಶಕದಲ್ಲಿ ಬ್ಯಾಂಜೊ ವಾದಕ ಬಿಲ್ ಕೀತ್ ಹೆಸರು ಮಾಡಿದ 'ಮೆಲೊಡಿಕ್' ಶೈಲಿ ಪಿಟೀಲಿನ ಧಾಟಿಗಳನ್ನು ಸ್ವರಕ್ಕೆ ಸ್ವರ ಹಿಡಿಯುತ್ತದೆ. ಎರಡೂ ಸರಿ.

ತಪ್ಪು ಕಲ್ಪನೆ: ಕಿವಿಯಿಂದ ಕಲಿಯುವವರು ಟ್ಯಾಬ್ ಮುಟ್ಟಬಾರದು.

ಸತ್ಯ: ಸ್ಕ್ರಗ್ಸ್ ಪುಸ್ತಕಕ್ಕೆ ಅವರ ವಾದನವನ್ನು ಟ್ಯಾಬ್‌ಗೆ ಇಳಿಸಿಕೊಟ್ಟವರು ಇದೇ ಬಿಲ್ ಕೀತ್, ಮೊದಲು ಕಿವಿಗೊಟ್ಟು ಕೇಳಿದ್ದಕ್ಕೇ ಅದನ್ನು ಬರೆಯಲು ಸಾಧ್ಯವಾದದ್ದು. ಟ್ಯಾಬ್ ಒಬ್ಬ ವಾದಕ ಒಮ್ಮೆ ನುಡಿಸಿದ್ದರ ದಾಖಲೆ. ಸ್ವಂತ ಸೋಲೊ ಒಂದು ರೂಪಕ್ಕೆ ಬಂದ ಮೇಲೆ, ಬೆರಳು ತೊಡಕುವ ಒಂದೆರಡು ಕಡೆ ಬೇರೆಯವರು ಹೇಗೆ ದಾಟಿದ್ದಾರೆಂದು ನೋಡಲು ಅದು ತುಂಬ ಉಪಯುಕ್ತ.